ಹಸಿದ ಮುಪ್ಪಿಗೆ ಅನ್ನವಿಕ್ಕಿದ ಸಂತ ಜೀನ್ ಜುಗಾನ್

ಹಸಿದ ಕೂಸು ಅತ್ತು ಮನೆಯನ್ನೆಲ್ಲ ಎಬ್ಬಿಸುತ್ತದೆ. ಹಸಿದ ಆಳು ಕೂಲಿ ಕೇಳುತ್ತಾನೆ. ಹಸಿದ ಮುದುಕಿಯಾದರೋ ಮೂಲೆಯಲ್ಲಿ ಕುಳಿತಿದ್ದು, ಕೇಳಿದವರಿಗೆಲ್ಲ ಊಟವಾಯಿತೆಂದೇ ಹೇಳಿ ಕಳುಹಿಸುತ್ತಾಳೆ. ನಮ್ಮ ಧರ್ಮಕೇಂದ್ರದ ಮನೆಗಳ ಒಳಹೊರಗನ್ನು ಬಲ್ಲವರಿಗೆ ಈ ಮಾತು ಹೊಸದಾಗಿ ತೋರದು. ಮಕ್ಕಳು ಓದಿ ಮುಂದೆ ಬಂದು ದೂರದ ಊರುಗಳಿಗೂ ಗಲ್ಫ್ ದೇಶಗಳಿಗೂ ಹೊರಟುಹೋದ ಮೇಲೆ, ದೊಡ್ಡ ಮನೆಯಲ್ಲಿ ಒಂಟಿಯಾಗಿ ಉಳಿದ ಹಿರಿಯರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ತಿಂಗಳು ತಿಂಗಳು ಹಣವೇನೋ ಬರುತ್ತದೆ. ಆದರೆ ಒಬ್ಬರಿಗಾಗಿ ಯಾಕೆ ಒಲೆ ಹಚ್ಚಬೇಕೆಂದು ಕಾಪಿ ಬಿಸ್ಕತ್ತಿನಲ್ಲಿಯೇ ಹೊತ್ತು ಕಳೆದುಹೋಗುತ್ತದೆ.

ಆದಕಾರಣ, ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ನಾವು ವೇದಪಾರಂಗತರ ಅಥವಾ ರಕ್ತಸಾಕ್ಷಿಗಳ ಚರಿತ್ರೆಯನ್ನು ಆರಿಸಿಕೊಳ್ಳದೆ, ಅಡುಗೆಮನೆಯ ಆಳಾಗಿ ಬಾಳು ತೊಡಗಿ, ವಯೋವೃದ್ಧರ ಊಟಕ್ಕಾಗಿ ಬುಟ್ಟಿ ಹಿಡಿದು ಮನೆಮನೆಯ ಬಾಗಿಲು ತಟ್ಟಿದ ಒಬ್ಬ ಫ್ರೆಂಚ್ ಹೆಣ್ಣುಮಗಳ ಚರಿತ್ರೆಯನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ. ಈಕೆಯೇ ಬಡವರ ಕಿರಿಯ ಸೋದರಿಯರೆಂಬ, ಜನರು ಲಿಟಲ್ ಸಿಸ್ಟರ್ಸ್ ಎಂದು ಕರೆಯುವ ಕನ್ಯಾಸ್ತ್ರೀಯರ ಸಭೆಯ ಸ್ಥಾಪಕಿ, ಸಂತ ಜೀನ್ ಜುಗಾನ್.

ಫ್ರಾನ್ಸ್ ದೇಶದ ವಾಯವ್ಯದಲ್ಲಿ ಸಮುದ್ರಕ್ಕೆ ಚಾಚಿಕೊಂಡಿರುವ ಬ್ರಿಟನಿ ಪ್ರಾಂತ್ಯದ ಕಾಂಕಾಲ್ ಎಂಬುದು ಬೆಸ್ತರ ಊರು. ಅಲ್ಲಿ 1792ನೆಯ ಇಸವಿ ಅಕ್ಟೋಬರ್ 25ರಂದು ಜೀನ್ ಹುಟ್ಟಿದಳು. ಅದು ಫ್ರೆಂಚ್ ಕ್ರಾಂತಿಯ ಕಾಲ. ದೇವಾಲಯಗಳ ಬಾಗಿಲು ಮುಚ್ಚಿದ್ದವು, ಗುರುಗಳು ತಲೆಮರೆಸಿಕೊಂಡಿದ್ದರು, ಮಕ್ಕಳಿಗೆ ಜಪತಪಗಳನ್ನು ಮನೆಯೊಳಗೆ ಗುಟ್ಟಾಗಿ ಕಲಿಸಬೇಕಾಗಿತ್ತು. ಮಗುವಿಗೆ ನಾಲ್ಕು ವರ್ಷ ತುಂಬುವ ಮುನ್ನವೇ ಮೀನುಗಾರಿಕೆಗೆ ಹೋದ ತಂದೆ ಸಮುದ್ರದಿಂದ ಹಿಂದಿರುಗಲಿಲ್ಲ. ಸಮುದ್ರತೀರದ ಊರುಗಳಲ್ಲಿ ಬೆಳೆದವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ತಾಯಿ ಕೂಲಿನಾಲಿ ಮಾಡಿ ಮಕ್ಕಳನ್ನು ಸಾಕಿದಳು. ಹುಡುಗಿ ದನಕುರಿಗಳನ್ನು ಮೇಯಿಸುತ್ತ, ಉಣ್ಣೆ ನೂಲುವುದನ್ನೂ ಹೆಣೆಯುವುದನ್ನೂ ಕಲಿತಳು.

ಹದಿನಾರರ ಸುಮಾರಿಗೆ ಆಕೆ ಸಮೀಪದ ಒಂದು ಶ್ರೀಮಂತ ಮನೆತನದಲ್ಲಿ ಅಡುಗೆಯ ಕೆಲಸಕ್ಕೆ ಸೇರಿದಳು. ಆ ಮನೆಯೊಡತಿ ದೈವಭಕ್ತೆ. ರೋಗಿಗಳನ್ನೂ ಬಡಬಗ್ಗರನ್ನೂ ನೋಡಲು ಹೋಗುವಾಗ ಅಡುಗೆಯ ಹುಡುಗಿಯನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಿದ್ದಳು. ಮುಂದಿನ ಸಂತಳಿಗೆ ಇದೇ ಮೊದಲ ಪಾಠಶಾಲೆಯಾಯಿತೆಂದು ನಮಗೆ ತೋರುತ್ತದೆ. ಒಂದು ಮನೆಯಲ್ಲಿ ತುಂಬಿದ ಉಗ್ರಾಣ, ಇನ್ನೊಂದು ಮನೆಯಲ್ಲಿ ತಣ್ಣಗಿನ ಒಲೆ, ಎರಡರ ನಡುವೆ ಕೆಲವು ಹೆಜ್ಜೆಗಳ ದಾರಿ ಮಾತ್ರ. ಆ ದಾರಿಯನ್ನು ಯಾರಾದರೊಬ್ಬರು ನಡೆಯಬೇಕು, ಅಷ್ಟೆ.

ಮದುವೆಯ ಮಾತು ಬಂದಾಗ ಆಕೆ ಒಪ್ಪಲಿಲ್ಲ. ಕೆಲವು ವರ್ಷಗಳ ಮೇಲೆ ಎರಡನೆಯ ಬಾರಿ ಕೇಳಿದಾಗಲೂ ಒಪ್ಪಲಿಲ್ಲ. ಇನ್ನೂ ಹುಟ್ಟದಿರುವ ಯಾವುದೋ ಒಂದು ಕೆಲಸಕ್ಕಾಗಿ ದೇವರು ತನ್ನನ್ನು ಕಾಯ್ದಿರಿಸಿಕೊಂಡಿದ್ದಾರೆಂದು ತಾಯಿಗೆ ತಿಳಿಸಿದಳಂತೆ. ಆದರೆ ಆ ಕೆಲಸ ಹುಟ್ಟುವುದಕ್ಕೆ ಇನ್ನೂ ಇಪ್ಪತ್ತು ವರ್ಷಗಳಿಗೂ ಮೀರಿದ ಕಾಲ ಹಿಡಿಯಿತು! ಇಪ್ಪತ್ತೈದನೆಯ ವಯಸ್ಸಿನಲ್ಲಿ ಆಕೆ ಸೇಂಟ್ ಸರ್ವಾನ್ ಎಂಬ ಬಂದರು ಊರಿಗೆ ಬಂದು ಅಲ್ಲಿನ ಆಸ್ಪತ್ರೆಯಲ್ಲಿ ಆರು ವರ್ಷ ರೋಗಿಗಳ ಶುಶ್ರೂಷೆ ಮಾಡಿದಳು. ದೇಹ ಬಳಲಿತು. ಆ ಬಳಿಕ ಲಕೋಕ್ ಎಂಬ ಒಬ್ಬ ಭಕ್ತೆಯ ಮನೆಯಲ್ಲಿ ಹೆಸರಿಗೆ ಸೇವಕಿಯಾಗಿಯೂ ನಡೆನುಡಿಯಲ್ಲಿ ಒಡಹುಟ್ಟಿದವಳಂತೆಯೂ ಹನ್ನೆರಡು ವರ್ಷ ಇದ್ದಳು. ಇಬ್ಬರೂ ಸಂತ ಜಾನ್ ಯೂಡ್ಸರು ಸ್ಥಾಪಿಸಿದ ಶ್ರೀಸಾಮಾನ್ಯರ ಮೂರನೆಯ ಪಂಥಕ್ಕೆ ಸೇರಿದವರು. ದಿನದಿನವೂ ಬಲಿಪೂಜೆ, ಮಕ್ಕಳಿಗೆ ಧರ್ಮೋಪದೇಶ, ಬಡವರ ಆರೈಕೆ, ಹೀಗೆ ಬಾಳು ಸಾಗಿತು. 1835ರಲ್ಲಿ ಆ ಹಿರಿಯಳು ತೀರಿಕೊಂಡಳು.

1837ರಲ್ಲಿ ಜೀನ್, ಎಪ್ಪತ್ತೆರಡು ವರ್ಷದ ಫ್ರಾನ್ಸ್ವಾಸ್ ಓಬೆರ್ ಎಂಬಾಕೆಯೊಡನೆ ಎರಡು ಕೋಣೆ ಮತ್ತು ಅಟ್ಟವಿದ್ದ ಒಂದು ಸಣ್ಣ ವಸತಿಯನ್ನು ಬಾಡಿಗೆಗೆ ಹಿಡಿದಳು. ಹದಿನೇಳರ ತಬ್ಬಲಿ ಹುಡುಗಿ ವಿರ್ಜಿನಿ ಟ್ರೆಡಾನಿಯೆಲ್ ಬಂದು ಇವರನ್ನು ಕೂಡಿಕೊಂಡಳು. ಸೇಂಟ್ ಸರ್ವಾನಿನಲ್ಲಿ ಆಗ ಸಮುದ್ರದ ಪಾಲಾದ ನಾವಿಕರ ವಿಧವೆಯರು ಬಹು ಮಂದಿ. ಮೈಯಲ್ಲಿ ಕಸುವಿರುವ ತನಕ ಕೂಲಿ. ಕಸುವು ಹೋದ ಮೇಲೆ ಭಿಕ್ಷೆ. ನಡೆಯಲಾರದ ದಿನ ಬಂದಾಗ ಏನೂ ಇಲ್ಲ.

1839ರ ಚಳಿಗಾಲದಲ್ಲಿ ಅಂಥ ಒಬ್ಬಳು ಜೀನಳ ಕಣ್ಣಿಗೆ ಬಿದ್ದಳು. ಆನ್ ಶೋವೆನ್ ಎಂಬ ಮುದುಕಿ. ಕಣ್ಣಿಲ್ಲ, ಮೈಯ ಒಂದು ಭಾಗಕ್ಕೆ ಲಕ್ವ ಹೊಡೆದಿತ್ತು. ಜೀನ್ ಆಕೆಯನ್ನು ಮನೆಗೆ ತಂದು ತನ್ನ ಹಾಸಿಗೆಯಲ್ಲಿ ಮಲಗಿಸಿ, ತಾನು ಅಟ್ಟಕ್ಕೆ ಹತ್ತಿ ಮಲಗಿದಳು. ಆಗ ಜೀನಳ ವಯಸ್ಸು ನಲವತ್ತೇಳು. ಕೈಯಲ್ಲಿ ಹಣವಿಲ್ಲ, ಯೋಜನೆಯಿಲ್ಲ, ಸಮಿತಿಯಿಲ್ಲ. ಇದ್ದ ಒಂದು ಮಂಚ ಮಾತ್ರ ಬೇರೆಯವರ ಪಾಲಾಯಿತು. ಸ್ವಲ್ಪ ದಿನದಲ್ಲಿಯೇ ಇನ್ನೊಬ್ಬ ಮುದುಕಿ ಬಂದಳು. 1841ರಲ್ಲಿ ಹನ್ನೆರಡು ಮಂದಿಗೆ ಸಾಲುವಷ್ಟು ಜಾಗವನ್ನು ಬಾಡಿಗೆಗೆ ಪಡೆದುದಾಯಿತು. 1842ರಲ್ಲಿ ಬರಿದಾಗಿ ಬಿದ್ದಿದ್ದ ಒಂದು ಹಳೆಯ ಕನ್ಯಾಮಠವನ್ನು ಕೊಂಡು ನಲವತ್ತು ಮಂದಿಗೆ ಎಡೆ ಮಾಡಿದರು.

ನಲವತ್ತು ಮಂದಿಗೆ ದಿನವೂ ಊಟವಿಕ್ಕುವುದು ಹೇಗೆ? ನಾವು ಈ ಚರಿತ್ರೆಯಲ್ಲಿ ಮುಖ್ಯವೆಂದು ಕಾಣುವ ಸಂಗತಿ ಇಲ್ಲಿಯೇ ಇದೆ. ಮನೆಯ ಮುದುಕಿಯರಲ್ಲಿ ಹಲವರು ಭಿಕ್ಷೆ ಬೇಡಿಯೇ ಬದುಕಿದ್ದವರು. ಈಗಲೂ ಅವರು ಬೀದಿಗೆ ಹೋಗಲು ಸಿದ್ಧರಿದ್ದರು; ಕೆಲವರಿಗೆ ಬೇಡಿದ ಕಾಸನ್ನು ಹೆಂಡದಂಗಡಿಯಲ್ಲಿ ಸುರಿಯುವ ಚಾಳಿಯೂ ಇತ್ತು. ಜೀನ್ ಅವರನ್ನು ಗದರಿಸಲಿಲ್ಲ. ಅವರಿಗೆ ಯಾವ ಯಾವ ಮನೆಯವರು ಭಿಕ್ಷೆ ಹಾಕುತ್ತಿದ್ದರೆಂದು ಕೇಳಿ ತಿಳಿದು, ಅವರನ್ನು ಮನೆಯಲ್ಲಿಯೇ ಕುಳ್ಳಿರಿಸಿ, ಅದೇ ಬಾಗಿಲುಗಳಿಗೆ ತಾನೇ ಬುಟ್ಟಿ ಹಿಡಿದು ಹೋದಳು. ಸಂತ ಜಾನರ ಆಸ್ಪತ್ರೆ ಸಹೋದರರು ಈ ದಾರಿಯನ್ನು ತೋರಿಸಿಕೊಟ್ಟವರೆಂದು ಚರಿತ್ರೆಕಾರರು ಹೇಳುತ್ತಾರೆ. ದಾರಿ ತೋರಿಸುವುದು ಸುಲಭ. ದುಡಿದು ಉಂಡು ಅಭಿಮಾನದಿಂದ ಬಾಳಿದ ಹೆಣ್ಣು, ಪರಿಚಿತರ ಮನೆಯ ಮುಂದೆ ಕೈ ಒಡ್ಡಿ ನಿಲ್ಲುವುದು ಸುಲಭವಲ್ಲ. ನಾಚಿಕೆಯನ್ನು ನುಂಗಿಕೊಂಡು ಹೋಗಬೇಕಾಯಿತೆಂದು ಆಕೆ ಮುಪ್ಪಿನಲ್ಲಿ ಕಿರಿಯ ಸೋದರಿಯರ ಮುಂದೆ ಒಪ್ಪಿಕೊಂಡಿದ್ದಾಳೆ. ಮುದುಕರಿಗೆ ಅನ್ನವನ್ನು ಕೊಟ್ಟವರು ಲೋಕದಲ್ಲಿ ಹಲವರುಂಟು. ಅವರು ಕೇಳಬೇಕಾಗಿದ್ದ ಅವಮಾನವನ್ನು ತಾನು ಹೊತ್ತುಕೊಂಡು ಅನ್ನವನ್ನು ಮಾತ್ರ ಅವರ ಮುಂದಿಟ್ಟವರು ವಿರಳ.

ಹಣವನ್ನಷ್ಟೇ ಆಕೆ ಕೇಳುತ್ತಿರಲಿಲ್ಲ. ಮನೆಯ ಊಟದಲ್ಲಿ ಉಳಿದುದು, ರೊಟ್ಟಿ, ಕಟ್ಟಿಗೆ, ಉಣ್ಣೆ, ಹಳೆಯ ಬಟ್ಟೆ, ಯಾವುದಾದರೂ ಸರಿ. ನಮ್ಮ ನಾಡಿನಲ್ಲಿ ಒಂದು ಕಾಲಕ್ಕೆ ಬಡ ವಿದ್ಯಾರ್ಥಿಗಳಿಗೆ ವಾರಾನ್ನದ ಪದ್ಧತಿಯಿತ್ತಷ್ಟೆ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಯಾರಿಗೂ ಭಾರವಿಲ್ಲ, ಹುಡುಗನಿಗೆ ಉಪವಾಸವಿಲ್ಲ. ಜೀನಳ ಬುಟ್ಟಿಯೂ ಹೆಚ್ಚು ಕಡಿಮೆ ಇದೇ ಲೆಕ್ಕದ್ದು. ಇಡೀ ಊರು ತನ್ನ ತಪ್ಪಲೆಯಿಂದ ಒಂದೊಂದು ಸೌಟು ತೆಗೆದಿಟ್ಟರೆ ನಲವತ್ತು ಮಂದಿಯ ಹೊಟ್ಟೆ ತುಂಬುತ್ತಿತ್ತು.

ಎಲ್ಲ ಬಾಗಿಲುಗಳೂ ತೆರೆಯಲಿಲ್ಲ. ಒಮ್ಮೆ ಒಬ್ಬಾತ ಸಿಟ್ಟಿನಿಂದ ಕೆನ್ನೆಗೆ ಹೊಡೆದನಂತೆ. ಆ ಏಟು ತನ್ನ ಪಾಲಿಗೆ ಬಂದಿತು, ಇನ್ನು ತನ್ನ ಬಡವರ ಪಾಲಿಗೆ ಏನಾದರೂ ಕೊಡಬೇಕೆಂದು ಆಕೆ ಶಾಂತವಾಗಿ ಕೇಳಿದಳೆಂದು ಪ್ರತೀತಿ. ನಿನ್ನೆ ತಾನೆ ಕೊಟ್ಟೆನಲ್ಲವೆಂದು ಗೊಣಗಿದ ಇನ್ನೊಬ್ಬ ಧನಿಕನಿಗೆ, ತನ್ನ ಬಡವರು ನಿನ್ನೆ ಹಸಿದಿದ್ದರು, ಇಂದೂ ಹಸಿದಿದ್ದಾರೆ, ನಾಳೆಯೂ ಹಸಿಯುವರೆಂದು ತಿಳಿಸಿದಳು. ಈ ಎರಡನೆಯ ಪ್ರಸಂಗ ನಮಗೆ ಹೆಚ್ಚು ಮೆಚ್ಚಿಕೆ. ಹಬ್ಬಕ್ಕೊಮ್ಮೆ ಅನ್ನದಾನ ಮಾಡಿ ಕೈತೊಳೆದುಕೊಳ್ಳುವ ನಮ್ಮಂಥವರಿಗೆ, ಹಸಿವು ದಿನವೂ ಬರುವ ಅತಿಥಿಯೆಂಬುದನ್ನು ಒಬ್ಬ ಅಡುಗೆಯವಳೇ ತಿಳಿಸಬೇಕಾಯಿತು.

ಆ ಮನೆಯ ಊಟದ ರೀತಿಯನ್ನೂ ಗಮನಿಸೋಣ. ಬ್ರಿಟನಿಯ ಬಡವರ ಊಟವೆಂದರೆ ಸೂಪು ಮತ್ತು ರೊಟ್ಟಿ. ಜೊತೆಗೆ ನಮ್ಮ ದೋಸೆಯನ್ನು ಹೋಲುವ ತೆಳ್ಳನೆಯ ಒಂದು ತಿನಿಸು. ಹಲ್ಲು ಬಿದ್ದವರು ಗಟ್ಟಿ ರೊಟ್ಟಿಯನ್ನು ಸೂಪಿನಲ್ಲಿ ನೆನೆಸಿ ತಿನ್ನಬೇಕು. ಮೊದಲು ವೃದ್ಧರಿಗೆ ಬಡಿಸುವುದು, ಉಳಿದುದನ್ನು ಸೋದರಿಯರು ಉಣ್ಣುವುದು, ಇದು ಅಲ್ಲಿನ ವಾಡಿಕೆ. ಶಕ್ತಿಯಿದ್ದವರು ಉಣ್ಣೆ ನೂಲುತ್ತಿದ್ದರು, ಹೆಣೆಯುತ್ತಿದ್ದರು. ಸುಮ್ಮನೆ ಕುಳಿತು ಉಣ್ಣುತ್ತೇವೆಂಬ ಕೊರಗು ಅವರಿಗೆ ಇರಲಿಲ್ಲ.

ಆಂಜೇ ನಗರದಲ್ಲಿ ಮುಂದೆ ತೆರೆದ ಮನೆಯ ಒಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಜೀನ್ ಅಲ್ಲಿಗೆ ಹೋದಾಗ ಮುದುಕರು ಒಣರೊಟ್ಟಿ ತಿನ್ನುತ್ತಿದ್ದರು. ಬೆಣ್ಣೆಯೇಕಿಲ್ಲವೆಂದು ವಿಚಾರಿಸಿದಳು. ಬೆಣ್ಣೆ ಮುಗಿದಿತ್ತು, ಕೊಳ್ಳಲು ಹಣವಿರಲಿಲ್ಲ. ಆಕೆ ಸಂತ ಜೋಸೆಫರ ಪ್ರತಿಮೆಯ ಮುಂದೆ ದೀಪ ಹಚ್ಚಿಸಿ, ಬರಿದಾದ ಬೆಣ್ಣೆಯ ಪಾತ್ರೆಗಳನ್ನೆಲ್ಲ ಅಲ್ಲಿ ಸಾಲಾಗಿ ಇರಿಸಿ, ಮುದುಕರಿಗೆ ಬೆಣ್ಣೆ ಬೇಕೆಂದು ಬರೆದ ಹಲಗೆಯೊಂದನ್ನು ಇಡಿಸಿದಳು. ಬಂದುಹೋಗುವವರು ನೋಡಿದರು; ಕೆಲವು ದಿನಗಳಲ್ಲಿ ಬೆಣ್ಣೆ ಬಂದಿತು. ಇದನ್ನು ಪವಾಡವೆಂದು ಕರೆಯಬೇಕೆ, ಜಾಣತನವೆನ್ನಬೇಕೆ ಎಂಬ ಚರ್ಚೆಯನ್ನು ನಾವು ಓದುಗರಿಗೇ ಬಿಡುತ್ತೇವೆ. ಬದುಕಿರಲು ಒಣರೊಟ್ಟಿ ಸಾಕು, ಬೆಣ್ಣೆಯೇಕೆಂದು ಹೇಳುವ ವಿವೇಕಿಗಳು ಅಲ್ಲಿಯೂ ಇದ್ದಿರಬಹುದು. ಹಲ್ಲಿಲ್ಲದ ಬಾಯಿಗೆ ಒಣರೊಟ್ಟಿ ಇಳಿಯುವುದಿಲ್ಲವೆಂದು ತಿಳಿಯಲು ಮುದುಕಿಯ ಪಕ್ಕದಲ್ಲಿ ಕುಳಿತು ತಿನ್ನಿಸಿದವರೇ ಬೇಕು.

ಇಂದಿನ ವೈದ್ಯಶಾಸ್ತ್ರ ಹೇಳುವುದೂ ಇದಕ್ಕೆ ದೂರವಾದುದೇನಲ್ಲ. ವಯಸ್ಸಾದಂತೆ ತಿನ್ನುವ ಪ್ರಮಾಣ ಕಡಿಮೆಯಾದರೂ ಸಾಲುತ್ತದೆ. ಆದರೆ ಸಸಾರಜನಕದ, ಅಂದರೆ ಬೇಳೆಕಾಳು, ಹಾಲು, ಮೊಸರು, ಮೊಟ್ಟೆ, ಮೀನುಗಳಿಂದ ದೊರೆಯುವ ಸತ್ತ್ವದ ಅಗತ್ಯ ಕಡಿಮೆಯಾಗುವುದಿಲ್ಲ. ದೇಹತೂಕದ ಒಂದು ಕಿಲೋಗ್ರಾಮಿಗೆ ದಿನಕ್ಕೆ ಕನಿಷ್ಠ 1 ಗ್ರಾಂ ಬೇಕೆಂದು ತಜ್ಞರ ಲೆಕ್ಕ. ಬರಿಯ ಅನ್ನ ತಿಳಿಸಾರಿನಲ್ಲಿ ಇದು ಸಿಗದು. ಸಿಗದಿದ್ದರೆ ಸ್ನಾಯುಗಳು ಸೊರಗಿ, ಎದ್ದು ನಡೆಯುವಾಗ ಕಾಲು ಸೋಲುತ್ತದೆ. ಬಾಯಾರಿಕೆ ಮಂದವಾಗುವುದರಿಂದ ಮುದುಕರು ನೀರನ್ನೇ ಕೇಳುವುದಿಲ್ಲ. ನಾವೇ ನೆನಪಿಸಿ ಕುಡಿಸಬೇಕು. ನಾಲಗೆಯ ರುಚಿ ತಗ್ಗಿದಾಗ ಉಪ್ಪಿನಕಾಯಿ, ಹಪ್ಪಳ, ಒಣಮೀನುಗಳತ್ತ ಕೈ ಹೋಗುತ್ತದೆ, ರಕ್ತದೊತ್ತಡ ಏರುತ್ತದೆ. ಉಪ್ಪು ದಿನಕ್ಕೆ 5 ಗ್ರಾಮಿಗಿಂತ ಕಡಿಮೆಯಿರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ರಾಗಿ ಅಂಬಲಿ, ಮೆತ್ತಗೆ ಬೆಂದ ಸೊಪ್ಪಿನ ಹುಳಿ, ಬಾಳೆಹಣ್ಣು, ಪಪಾಯಿ ಇವು ಹಲ್ಲಿಲ್ಲದವರಿಗೂ ಸಲ್ಲುವ ಆಹಾರ. ಇನ್ನೊಂದು ಸಂಗತಿಯೂ ಉಂಟು. ಒಂಟಿಯಾಗಿ ಕುಳಿತವರಿಗಿಂತ ಪಂಕ್ತಿಯಲ್ಲಿ ಕುಳಿತವರು ಹೆಚ್ಚು ಉಣ್ಣುತ್ತಾರೆ. ಊಟವನ್ನು ಬಾಗಿಲಿಗೆ ತಲುಪಿಸುವ ಸೇವೆ ಎರಡನೆಯ ಮಹಾಯುದ್ಧದ ಕಾಲದ ಇಂಗ್ಲೆಂಡಿನಲ್ಲಿ ಬೆಳೆದು ಹಲವು ದೇಶಗಳಿಗೆ ಹಬ್ಬಿತು. ಡಬ್ಬಿಯನ್ನು ಕೊಟ್ಟು ಹಿಂದಿರುಗುವ ಬದಲು ಐದು ನಿಮಿಷ ಜೊತೆಯಲ್ಲಿ ಕುಳಿತರೆ ಆ ಡಬ್ಬಿಯ ಅನ್ನ ಖಾಲಿಯಾಗುತ್ತದೆಂಬುದು ಅಂಥ ಸೇವೆ ಮಾಡಿದವರ ಅನುಭವ.

ಚರಿತ್ರೆಗೆ ಹಿಂದಿರುಗೋಣ. 1842ರ ಮೇ ತಿಂಗಳಲ್ಲಿ ಜೊತೆಗಾತಿಯರು ಒಂದು ಸಂಘವಾಗಿ ಕೂಡಿ ಜೀನಳನ್ನು ಮುಖ್ಯಸ್ಥೆಯನ್ನಾಗಿ ಆರಿಸಿದರು. 1843ರ ಡಿಸೆಂಬರಿನಲ್ಲಿ ಎರಡನೆಯ ಬಾರಿಯೂ ಆಕೆಯನ್ನೇ ಆರಿಸಿದರು. ಆದರೆ ಎರಡು ವಾರ ಕಳೆಯುವಷ್ಟರಲ್ಲಿ, ಅವರಿಗೆ ಮಾರ್ಗದರ್ಶಕರಾಗಿದ್ದ ಆ ಊರಿನ ಸಹಾಯಕ ಗುರುಗಳಾದ ಆಗಸ್ಟ್ ಲ ಪಾಯರ್ ಆ ಆಯ್ಕೆಯನ್ನು ರದ್ದು ಮಾಡಿ, ಮರೀ ಜಾಮೆ ಎಂಬ ಯುವತಿಯನ್ನು ಆ ಸ್ಥಾನದಲ್ಲಿ ಕುಳ್ಳಿರಿಸಿದರು. ಜೀನ್ ಎದುರಾಡಲಿಲ್ಲ. ಮರುದಿನವೂ ಮುದುಕರಿಗೆ ಹಸಿವಾಗುವುದು ತಪ್ಪದು. ಆಕೆ ಬುಟ್ಟಿಯನ್ನೆತ್ತಿಕೊಂಡು ಹೊರಟಳು.

ಊರಿನವರ ಕಣ್ಣಿಗೆ ಮಾತ್ರ ಈ ಕೆಲಸದ ಒಡತಿ ಯಾರೆಂಬುದರಲ್ಲಿ ಸಂಶಯವಿರಲಿಲ್ಲ. ಊರಿನ ಮೇಯರ್ ಮತ್ತು ಗಣ್ಯರು ಪ್ಯಾರಿಸಿನ ಫ್ರೆಂಚ್ ಅಕಾಡೆಮಿಗೆ ಬರೆದುಕೊಂಡರು. 1845ರ ಡಿಸೆಂಬರ್ 11ರಂದು ಅಕಾಡೆಮಿಯು ಬಡವರ ಸತ್ಕಾರ್ಯಕ್ಕೆ ಮೀಸಲಾದ ಮೊಂತ್ಯೋನ್ ಪಾರಿತೋಷಕವನ್ನೂ 3000 ಫ್ರಾಂಕುಗಳನ್ನೂ ಜೀನಳಿಗೆ ಇತ್ತಿತು. ಪ್ರಶಸ್ತಿಯ ಪತ್ರವನ್ನು ಆಕೆ ಗೋಡೆಗೆ ತೂಗುಹಾಕಲಿಲ್ಲ. ಅಪರಿಚಿತ ಊರುಗಳಲ್ಲಿ ಬೇಡಲು ಹೋದಾಗ ತಾನು ಯಾರೆಂಬುದಕ್ಕೆ ಸಾಕ್ಷಿಯಾಗಿ ತೋರಿಸಿದಳು. 1846ರಲ್ಲಿ ರೆನ್ ಮತ್ತು ದಿನಾನ್ ಪಟ್ಟಣಗಳಲ್ಲಿ ಮನೆಗಳು ತೆರೆದವು. ಮುಂದೆ ತೂರ್, ಪ್ಯಾರಿಸ್, ಆಂಜೇ ನಗರಗಳು. 1851ರಲ್ಲಿ ಸಮುದ್ರ ದಾಟಿ ಲಂಡನ್.

1852ರಲ್ಲಿ ರೆನ್ ಪಟ್ಟಣದ ಧರ್ಮಾಧ್ಯಕ್ಷರು ಈ ಸಭೆಗೆ ಮನ್ನಣೆಯಿತ್ತರು. ಅದೇ ವರ್ಷ ಜೀನಳನ್ನು ಸಂಗ್ರಹದ ಕೆಲಸದಿಂದ ಬಿಡಿಸಿ ಮಾತೃಮಠಕ್ಕೆ ಕರೆಸಿಕೊಂಡರು. ದಾನಿಗಳೊಡನೆ ಸಂಪರ್ಕ ಬೇಡ, ಯಾವ ಅಧಿಕಾರವೂ ಇಲ್ಲ. ಆಕೆ ಕೇವಲ ಶಿಲುಬೆಯ ಸಿಸ್ಟರ್ ಮೇರಿ. 1856ರಿಂದ ಸೇಂಟ್ ಪೆರ್ನ್ ಎಂಬ ಹಳ್ಳಿಯ ಲಾ ತೂರ್ ಸೇಂಟ್ ಜೋಸೆಫ್ ಎಂಬ ಮಠದಲ್ಲಿ, ಹೊಸದಾಗಿ ಸೇರಿದ ಹುಡುಗಿಯರ ನಡುವೆ 23 ವರ್ಷ ಬಾಳಿದಳು. ಸಭೆಯನ್ನು ಸ್ಥಾಪಿಸಿದವರು ಲ ಪಾಯರ್ ಗುರುಗಳೆಂದೇ ಆ ಹುಡುಗಿಯರಿಗೆ ಕಲಿಸಲಾಗುತ್ತಿತ್ತು. ಕೋಲೂರಿ ನಡೆಯುವ ಈ ಎತ್ತರದ ಮುದುಕಿ ಯಾರೆಂದು ಬಹುಮಂದಿಗೆ ತಿಳಿದಿರಲಿಲ್ಲ.

ಇಷ್ಟು ದೊಡ್ಡ ಅನ್ಯಾಯವನ್ನು ವಿನಯದ ಪಾಠವೆಂದು ಹೇಳಿ ಮುಚ್ಚಿಬಿಡುವುದು ನಮಗೆ ಸರಿದೋರದು. ಸತ್ಯವನ್ನು ತಿರುಚಿದವರು ತಿರುಚಿದರು. ಅದನ್ನು ಮುಂದೆ ಧರ್ಮಸಭೆಯೇ ವಿಚಾರಿಸಬೇಕಾಯಿತು. ಆದರೆ ಆಕೆ ಅಲ್ಲಿ ಕಹಿಯಾಗಿ ಕುಳಿತಿರಲಿಲ್ಲ. ಹುಡುಗಿಯರಿಗೆ ಬಡವರೆಂದರೆ ಯೇಸುಸ್ವಾಮಿಯೇ ಎಂಬುದನ್ನು ತಿಳಿಸುತ್ತ, ವೃದ್ಧರೊಡನೆ ನಡೆದುಕೊಳ್ಳುವ ಬಗೆಯನ್ನು ಕಲಿಸುತ್ತ ದಿನ ಕಳೆದಳು. 1865ರಲ್ಲಿ ಒಂದೇ ಒಂದು ಬಾರಿ ಆಕೆಯ ಅಭಿಪ್ರಾಯವನ್ನು ಕೇಳಲಾಯಿತು. ಸಭೆಗೆ ಸ್ಥಿರವಾದ ವರಮಾನ ತರುವ ಆಸ್ತಿಗಳನ್ನು ಸ್ವೀಕರಿಸಬಹುದೇ ಎಂಬುದು ಪ್ರಶ್ನೆ. ಬೇಡ, ದೇವರ ಪರಿಪಾಲನೆಯನ್ನೂ ಜನರ ಕೈಯನ್ನೂ ನಂಬಿಯೇ ಇರಬೇಕೆಂದು ಆಕೆ ನುಡಿದಳು, ಹಾಗೆಯೇ ತೀರ್ಮಾನವಾಯಿತು. ಬಡ್ಡಿಯ ಹಣದಿಂದ ಅಡುಗೆಮನೆ ನಡೆಯುವಂತಾದರೆ ಊರಿನ ಜನ ಬುಟ್ಟಿಯನ್ನು ಮರೆತಾರು, ಬುಟ್ಟಿಯೊಡನೆ ಮುದುಕರನ್ನೂ ಮರೆತಾರೆಂಬ ಅರಿವು ಈ ನಿಲುವಿನ ಹಿಂದೆ ಇದ್ದಿರಬೇಕೆಂದು ನಮ್ಮ ಊಹೆ.

1879ರ ಮಾರ್ಚ್ ತಿಂಗಳಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ಅವರು ಸಭೆಯ ನಿಯಮಾವಳಿಗೆ ಒಪ್ಪಿಗೆಯಿತ್ತರು. ಅದೇ ವರ್ಷ ಆಗಸ್ಟ್ 29ರಂದು, ತನ್ನ ಎಂಬತ್ತಾರನೆಯ ವಯಸ್ಸಿನಲ್ಲಿ, ಜೀನ್ ಪ್ರಭುವಿನಲ್ಲಿ ನಿದ್ರಿಸಿದಳು. ಆಗ ಸಭೆಯಲ್ಲಿ ಸುಮಾರು 2400 ಸೋದರಿಯರಿದ್ದರು. ಮೂರು ವರ್ಷಗಳ ಬಳಿಕ, 1882ರಲ್ಲಿ, ಸೋದರಿಯರು ಕಲ್ಕತ್ತೆಗೆ ಬಂದರು.

1890ರಲ್ಲಿ ರೋಮಿನ ವಿಚಾರಣೆಯಾಗಿ ಲ ಪಾಯರ್ ಗುರುಗಳನ್ನು ಅಧಿಕಾರದಿಂದ ಇಳಿಸಿ ಅಲ್ಲಿಗೇ ಕರೆಸಿಕೊಂಡರು. ಆ ಮೇಲೆ ನಿಜಸಂಗತಿ ಮೆಲ್ಲಮೆಲ್ಲನೆ ಹೊರಬಂದಿತು. 1900ರಲ್ಲಿ ಸೋದರಿಯರು ನಮ್ಮ ಬೆಂಗಳೂರಿನಲ್ಲಿ ನೆಲೆಯೂರಿದರು. ಹೊಸೂರು ರಸ್ತೆಯ ಅವರ ವೃದ್ಧಾಶ್ರಮವನ್ನು ನಮ್ಮ ಓದುಗರಲ್ಲಿ ಅನೇಕರು ಕಂಡಿರಬಹುದು. ಬಡತನ, ಬ್ರಹ್ಮಚರ್ಯ, ವಿಧೇಯತೆಗಳ ಜೊತೆಗೆ ಆತಿಥ್ಯವೆಂಬ ನಾಲ್ಕನೆಯ ವ್ರತವನ್ನು ಅವರು ಕೈಗೊಳ್ಳುತ್ತಾರೆ; ಸಂಗ್ರಹಕ್ಕೆ ಹೊರಡುವ ಸೋದರಿಯರು ಜೀನಳ ಬುಟ್ಟಿಯ ಕೆಲಸವನ್ನೇ ಮುಂದುವರಿಸಿಕೊಂಡು ಬಂದವರು.

ಜಗದ್ಗುರು ಎರಡನೆಯ ಜಾನ್ ಪಾಲರು 1982ರ ಅಕ್ಟೋಬರ್ 3ರಂದು ಆಕೆಯನ್ನು ಪುನೀತಳೆಂದು ಘೋಷಿಸಿದರು. 2009ರ ಅಕ್ಟೋಬರ್ 11ರಂದು ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ಸಂತ ಪದವಿಗೇರಿಸಿದರು. ಕುಷ್ಠರೋಗಿಗಳ ಸೇವೆಯಲ್ಲಿ ಪ್ರಾಣವಿತ್ತ ಮೊಲೊಕಾಯ್ ದ್ವೀಪದ ಡೇಮಿಯನ್ ಗುರುಗಳಿಗೂ ಅದೇ ಬಲಿಪೂಜೆಯಲ್ಲಿ ಆ ಪದವಿ ದೊರಕಿತು. ಸಂತ ಜೀನ್ ಜುಗಾನಳ ಸ್ಮರಣೆಯ ದಿನ ಆಗಸ್ಟ್ 30.